ವಿಲ್ಲರ್ಡ್, ಎಮ್ಮಾ ಹಾರ್ಟ್
(1787–1870). ಅಮೆರಿಕದ ಶಿಕ್ಷಣತಜ್ಞೆ, ಪಠ್ಯಪುಸ್ತಕ ಲೇಖಕಿ. ಕನೆಕ್ಟಿಕಟ್ ರಾಜ್ಯದ ಬರ್ಲಿನ್‌ನಲ್ಲಿ ಹುಟ್ಟಿದರು. ನ್ಯೂಯಾರ್ಕ್ ರಾಜ್ಯದ ಟ್ರಾಯ್ ನಗರದಲ್ಲಿ 1821ರಲ್ಲಿ ಹೆಣ್ಣುಮಕ್ಕಳ ಉನ್ನತ ಶಾಲೆ ತೆರೆದವರೆಂದೇ ಇವರನ್ನು ಸಾಮಾನ್ಯವಾಗಿ ನೆನೆಯುತ್ತಾರೆ. ಆದರೆ ಇವರ ಪ್ರಭಾವ ಹೆಚ್ಚು ದೂರ ಹರಿದದ್ದು ಪಠ್ಯಪುಸ್ತಕಗಳ ಮೂಲಕ. ಶಾಲೆಗೆ ಹಣ ಹೊಂದಿಸುವುದೇ ಕಷ್ಟವಾಗಿತ್ತು: ಹೆಣ್ಣುಮಕ್ಕಳ ಶಿಕ್ಷಣಕ್ಕೆ ಸರ್ಕಾರ ಹಣ ಕೊಡಬೇಕೆಂದು 1819ರಲ್ಲಿ ನ್ಯೂಯಾರ್ಕ್ ಶಾಸನಸಭೆಯ ಮುಂದೆ ಯೋಜನೆ ಇಟ್ಟಾಗ ಹಣ ಸಿಗಲಿಲ್ಲ. ಕೊನೆಗೆ ಟ್ರಾಯ್ ನಗರಸಭೆ ತೆರಿಗೆಯಿಂದ 4,000 ಡಾಲರ್ ಒದಗಿಸಿತು. ಶಾಲೆಗೆ ಕಟ್ಟಡ ಬೇಕು, ಶುಲ್ಕ ಬೇಕು. ಪುಸ್ತಕವಾದರೋ ಶಾಲೆಯ ಮೆಟ್ಟಿಲು ಹತ್ತಲಾಗದವರ ಕೈಗೂ ಸಿಕ್ಕೀತು. ಭೂಗೋಳ ಲೇಖಕ ವುಡ್‌ಬ್ರಿಜ್ ಅವರೊಂದಿಗೆ ಸೇರಿ ಹೊರತಂದ ಭೂಗೋಳ ಪುಸ್ತಕ, 1828ರ ಅಮೆರಿಕ ಇತಿಹಾಸ, ಅದರ ಜೊತೆಗಿದ್ದ ಕಾಲಾನುಕ್ರಮದ ನಕ್ಷೆಗಳು ಬಾಯಿಪಾಠದ ಬದಲು ಕಣ್ಣಿಂದ ಕಲಿಯುವ ದಾರಿ ತೋರಿದವು. 1846ರಲ್ಲಿ ಇಡೀ ವಿಶ್ವಚರಿತ್ರೆಯನ್ನೇ ಕಂಬಗಳ ಸಾಲಿನ ದೇಗುಲವಾಗಿ ಚಿತ್ರಿಸಿದರು; ಸಾಹಸವೇ ಸರಿ.

ಇವರು ಮಹಿಳಾ ಮತದಾನದ ಚಳವಳಿಗೆ ಬೆಂಬಲ ಕೊಡಲಿಲ್ಲ, ಹೆಣ್ಣಿನ ನೆಲೆ ಮನೆಯೇ ಎಂಬ ವಾದವನ್ನು ಬಿಡಲಿಲ್ಲ ಎಂಬ ಆಕ್ಷೇಪ ನಿಜ. ಆದರೂ ಆ ಚಳವಳಿಯ ಮುಂದಾಳು ಎಲಿಜಬೆತ್ ಕೇಡಿ ಸ್ಟಾಂಟನ್ ಓದಿದ್ದು ಇದೇ ಟ್ರಾಯ್ ಶಾಲೆಯಲ್ಲಿ. ಗಣಿತ, ವಿಜ್ಞಾನ ಕಲಿತ ಹುಡುಗಿಯರು ಗುರುವಿನ ಮಿತಿಯೊಳಗೇ ಉಳಿಯಬೇಕಿರಲಿಲ್ಲ. ಇದಕ್ಕಿಂತ ಗಟ್ಟಿಯಾದ ಟೀಕೆ ನಕ್ಷೆಗಳ ಬಗ್ಗೆಯೇ ಇದೆ. ಮೂಲನಿವಾಸಿಗಳ ಬುಡಕಟ್ಟುಗಳನ್ನು ವಿಲ್ಲರ್ಡ್ ಪೀಠಿಕೆಯ ನಕ್ಷೆಯಲ್ಲಿ, ದೇಶದ ಕಾಲಗಣನೆಯ ಹೊರಗೆ ನಿಲ್ಲಿಸಿದರು. ಇದಕ್ಕೆ ಸಮರ್ಥನೆ ಇಲ್ಲ. ಒಂದು ಪುಸ್ತಕ ದೂರದವರೆಗೆ ತಲುಪಿದಷ್ಟೂ ಅದರ ಕುರುಡುತನವೂ ತಲುಪುತ್ತದೆ. 1838ರಲ್ಲಿ ಶಾಲೆಯ ಹೊಣೆ ಬಿಟ್ಟರು. 1895ರಲ್ಲಿ ಅದಕ್ಕೆ ಇವರದೇ ಹೆಸರಿಡಲಾಯಿತು.