ಕೆನಡಾ ವೀಸಾ ತಿರಸ್ಕಾರ: ಗಡುವು ಮೀರಿದರೂ ಕೋರ್ಟಿಗೆ ಹೋಗಬಹುದೇ?

ಕೆನಡಾ ವೀಸಾ ತಿರಸ್ಕೃತವಾದರೆ ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆ ದೇಶದ ಹೊರಗಿನ ಪ್ರಕರಣಕ್ಕೆ ತೀರ್ಮಾನ ತಿಳಿದ ದಿನದಿಂದ 60 ದಿನ, ಒಳಗಿನದಕ್ಕೆ ಬರೀ 15 ದಿನ.

ತಡವಾದರೆ? ಜಮೀನು ಕೇಸಿನ ಮೇಲ್ಮನವಿ ತಡವಾದಾಗ ನಮ್ಮ ವಕೀಲರು 1963ರ ಕಾಲಮಿತಿ ಕಾಯ್ದೆಯ 5ನೇ ಕಲಂ ಹಿಡಿದು ವಿಳಂಬ ಮನ್ನಾ ಕೇಳ್ತಾರಲ್ಲ, ಅಲ್ಲೂ ಅಂಥದ್ದೇ ದಾರಿ ಇದೆ. ಕೋರ್ಟಿನ ಅನುಮತಿ ಕೋರುವ ಅರ್ಜಿಯಲ್ಲೇ ಹೆಚ್ಚಿನ ಸಮಯವನ್ನೂ ಕೇಳಬೇಕು. ಪ್ರಶ್ನಿಸುವ ಉದ್ದೇಶ ಮೊದಲಿನಿಂದಲೂ ಇತ್ತೇ, ಕೇಸಿನಲ್ಲಿ ಹುರುಳಿದೆಯೇ, ಸರ್ಕಾರಕ್ಕೆ ತೊಂದರೆಯಾಗುತ್ತದೆಯೇ, ತಡಕ್ಕೆ ತಕ್ಕ ಕಾರಣವಿದೆಯೇ ಎಂದು ನ್ಯಾಯಾಧೀಶರು ನೋಡುತ್ತಾರೆ. ‘ಏಜೆಂಟ್ ಹೇಳಲೇ ಇಲ್ಲ’ ಅಂತ ಬಾಯಿಮಾತಲ್ಲಿ ಹೇಳಿದರೆ ನಡೆಯೋದು ಕಷ್ಟ. ಇಮೇಲ್, ವಾಟ್ಸಾಪ್ ಸಂದೇಶ ಅಳಿಸದೆ ಇಟ್ಟುಕೊಳ್ಳಬೇಕು.

ಅನುಮತಿ ಸಿಗದಿದ್ದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಗೆದ್ದರೂ ಸಾಮಾನ್ಯವಾಗಿ ವೀಸಾ ಕೈಗೆ ಬರೋದಿಲ್ಲ, ಅರ್ಜಿ ಬೇರೆ ಅಧಿಕಾರಿಯ ಮರುಪರಿಶೀಲನೆಗೆ ಹೋಗುತ್ತದೆ.