ಮೂಡುಬಿದಿರೆಯ ಬಸದಿ ಬೀದಿ: ಹದಿನೆಂಟು ಬಸದಿಗಳು ಮತ್ತು ಅವುಗಳ ರಕ್ಷಣೆ

ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆಗೆ ‘ಜೈನ ಕಾಶಿ’ ಎಂಬ ಹೆಸರಿದೆ. ಯಾತ್ರೆಗೆ ಬರುವ ಬಹುತೇಕರು ಸಾವಿರ ಕಂಬದ ಬಸದಿಯ ದರ್ಶನ ಮಾಡಿ ಕಾರ್ಕಳಕ್ಕೋ ವೇಣೂರಿಗೋ ಹೊರಡುತ್ತಾರೆ. ಆದರೆ ಇಲ್ಲಿರುವುದು ಒಂದಲ್ಲ, ಹದಿನೆಂಟು ಬಸದಿಗಳು. ಹೆಚ್ಚಿನವು ನಡೆದೇ ನೋಡಬಹುದಾದಷ್ಟು ಹತ್ತಿರದಲ್ಲಿವೆ.

ಮುಖ್ಯ ಸ್ಥಳಗಳು

ಸಾವಿರ ಕಂಬದ ಬಸದಿ (ತ್ರಿಭುವನ ತಿಲಕ ಚೂಡಾಮಣಿ): 1430ರಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ನಿರ್ಮಾಣವಾಯಿತು. ಮೂಲನಾಯಕ ಶ್ರೀ ಚಂದ್ರನಾಥ ಸ್ವಾಮಿ. ಕೆಳ ಅಂತಸ್ತು ಕಲ್ಲಿನದು, ಮೇಲೆ ಮರದ ಕೆಲಸ. ಎದುರಿಗೆ ಎತ್ತರದ ಮಾನಸ್ತಂಭವಿದೆ.

ಗುರು ಬಸದಿ: ಮೂಲನಾಯಕ ಶ್ರೀ ಪಾರ್ಶ್ವನಾಥ ಸ್ವಾಮಿ. ಧವಲ, ಜಯಧವಲ, ಮಹಾಧವಲ ಸಿದ್ಧಾಂತ ಗ್ರಂಥಗಳ ತಾಡವೋಲೆಗಳು ಶತಮಾನಗಳ ಕಾಲ ಉಳಿದು ಬಂದದ್ದು ಇಲ್ಲಿ. ಆದ್ದರಿಂದಲೇ ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ.

ಇತರ ಬಸದಿಗಳು: ವಿಕ್ರಮ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ, ಶೆಟ್ಟರ ಬಸದಿ ಎಂಬ ಹೆಸರುಗಳಲ್ಲೇ ವ್ಯಾಪಾರಿ ಶ್ರಾವಕರ ನೆನಪಿದೆ. ಲೆಪ್ಪದ ಬಸದಿ, ಕಲ್ಲು ಬಸದಿ, ಕೆರೆ ಬಸದಿ, ಪಡು ಬಸದಿ, ಬೆಟ್ಕೇರಿ ಬಸದಿಗಳೂ ಇದೇ ಸಾಲಿನವು.

ಚೌಟರ ಅರಮನೆ: ಮರದ ಕಂಬಗಳಲ್ಲಿ ನವನಾರಿ ಕುಂಜರ, ಪಂಚನಾರಿ ತುರಗದ ಕೆತ್ತನೆಗಳಿವೆ.

ಕೊಡಂಗಲ್ಲು ನಿಷಿಧಿಗಳು: ಅಂತಸ್ತು ಅಂತಸ್ತಾಗಿ ಏರುವ ಸಮಾಧಿಗಳು.

ಕಾನೂನು ಏನು ಹೇಳುತ್ತದೆ

ಸ್ಮಾರಕಗಳಿಗೆ ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎಂದು ಎರಡಿವೆ. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ, 2010ರ ತಿದ್ದುಪಡಿಯಂತೆ ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಪಟ್ಟಿಯಲ್ಲಿ ಸೇರದ ಬಸದಿಗೆ ಈ ರಕ್ಷಣೆ ಇಲ್ಲ. ಅದರ ಹೊಣೆ ಮಠ, ಮೊಕ್ತೇಸರರು ಮತ್ತು ಸಮಾಜದ ಮೇಲೆಯೇ ಇರುತ್ತದೆ.

ನಾವು ಗಮನಿಸಬೇಕಾದದ್ದು

ಹಳೆಯ ಕಟ್ಟಡ ಕೆಡುವುದು ಮಳೆಯಿಂದ ಮಾತ್ರವಲ್ಲ, ಭಕ್ತಿಯಿಂದ ಮಾಡಿಸಿದ ಜೀರ್ಣೋದ್ಧಾರದಿಂದಲೂ ಕೆಡುತ್ತದೆ. ಮುರಕಲ್ಲಿನ ಗೋಡೆಗೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ಬಳಿದರೆ ತೇವ ಹೊರಹೋಗದೆ ಕಲ್ಲು ಒಳಗಿಂದಲೇ ಪುಡಿಯಾಗುತ್ತದೆ. ಶಾಸನದ ಕಲ್ಲಿಗೆ ಪೇಂಟ್ ಹಚ್ಚಿದರೆ ಅಕ್ಷರ ಮುಚ್ಚಿಹೋಗುತ್ತದೆ. ದಾನ ಕೊಡುವವರು ಟೈಲ್ಸ್, ಗ್ರಾನೈಟ್ ಹಾಕಿಸುವ ಬದಲು ಮಾಡು ಸೋರದಂತೆ ಮಾಡಿಸಲಿ, ಮರಕ್ಕೆ ಗೆದ್ದಲು ಹತ್ತದಂತೆ ನೋಡಿಕೊಳ್ಳುವ ಕೆಲಸಕ್ಕೆ ಕೊಡಲಿ.

2013ರ ಜುಲೈನಲ್ಲಿ ಸಿದ್ಧಾಂತ ಬಸದಿಯಿಂದಲೇ ಪ್ರಾಚೀನ ಬಿಂಬಗಳು ಕಳವಾದವು. ದೊಡ್ಡ ಬಸದಿಯಲ್ಲೇ ಹೀಗಾದರೆ ಜನ ಬಾರದ ಸಣ್ಣ ಬಸದಿಗಳ ಗತಿ ಏನು? ಪ್ರತಿ ಬಿಂಬದ ಫೋಟೋ, ಎತ್ತರ, ತೂಕ, ಪೀಠದ ಬರಹದ ದಾಖಲೆ ಇರಲೇಬೇಕು. ಬಂಟ್ವಾಳ, ಬೆಳ್ತಂಗಡಿ ಕಡೆಯ ಗ್ರಾಮ ಬಸದಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಮುಂದಿನ ಸಲ ಮೂಡುಬಿದಿರೆಗೆ ಬಂದಾಗ ಅರ್ಧ ದಿನ ಹೆಚ್ಚು ಇಟ್ಟುಕೊಳ್ಳಿ. ಮಕ್ಕಳೊಂದಿಗೆ ಹದಿನೆಂಟೂ ಬಸದಿಗಳ ದರ್ಶನ ಮಾಡಿ. ಜನ ಬಂದುಹೋಗುವ ಬಸದಿಯಲ್ಲಿ ದೀಪವೂ ಆರದು, ಕಳ್ಳನಿಗೂ ಧೈರ್ಯ ಬಾರದು.

ಜೈ ಜಿನೇಂದ್ರ.