ಅಲ್ಪವಿರಾಮದ ಅಲ್ಪವಲ್ಲದ ಮಹತ್ವ

ಇಂಗ್ಲಿಷ್ ಕಲಿಯುವವರು ಸ್ಪೆಲಿಂಗ್ ಮತ್ತು ವ್ಯಾಕರಣಕ್ಕೆ ಕೊಡುವಷ್ಟು ಗಮನವನ್ನು ಲೇಖನ ಚಿಹ್ನೆಗಳಿಗೆ ಕೊಡುವುದು ವಿರಳ. ಆದರೆ ಆ ಭಾಷೆಯಲ್ಲಿ ಚಿಹ್ನೆಗಳು ಕೇವಲ ಅಲಂಕಾರವಲ್ಲ. ಅರ್ಥದ ಅಂಗಗಳೇ ಆಗಿವೆ.

ಕನ್ನಡದಲ್ಲಿ ಪದಗಳ ಪರಸ್ಪರ ಸಂಬಂಧವನ್ನು ವಿಭಕ್ತಿ ಪ್ರತ್ಯಯಗಳು ಸೂಚಿಸುತ್ತವೆ. ‘ಅಜ್ಜಿ ತಿನ್ನೋಣ’ ಎಂದು ಬರೆದರೆ ಅಲ್ಪವಿರಾಮವಿಲ್ಲದಿದ್ದರೂ ಅಜ್ಜಿಗೆ ಅಪಾಯವಿಲ್ಲ. ‘ಅಜ್ಜಿಯನ್ನು’ ಎಂದಾಗ ಮಾತ್ರ ಅನರ್ಥ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಪದಗಳ ಕ್ರಮವೇ ಮಾಡಬೇಕು. ಹೀಗಾಗಿ ‘ಲೆಟ್ಸ್ ಈಟ್, ಗ್ರ್ಯಾಂಡ್‌ಮಾ’ ಎಂಬ ಆಹ್ವಾನದಲ್ಲಿ ಅಲ್ಪವಿರಾಮ ಬಿಟ್ಟುಹೋದರೆ ಅಜ್ಜಿಯೇ ಊಟವಾಗುತ್ತಾಳೆ.

ಹನ್ನೊಂದು ‘ಹ್ಯಾಡ್’

ಇಂಗ್ಲಿಷ್ ಶಿಕ್ಷಕರು ಒಡ್ಡುವ ಪ್ರಸಿದ್ಧ ಒಗಟೊಂದಿದೆ: ಜೇಮ್ಸ್ ವೈಲ್ ಜಾನ್ ಹ್ಯಾಡ್ ಹ್ಯಾಡ್ ಹ್ಯಾಡ್ ಹ್ಯಾಡ್ ಹ್ಯಾಡ್ ಹ್ಯಾಡ್ ಹ್ಯಾಡ್ ಹ್ಯಾಡ್ ಹ್ಯಾಡ್ ಹ್ಯಾಡ್ ಹ್ಯಾಡ್ ಎ ಬೆಟರ್ ಎಫೆಕ್ಟ್ ಆನ್ ದ ಟೀಚರ್.

ಚಿಹ್ನೆಗಳನ್ನು ಇಟ್ಟರೆ ವಾಕ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ: ಜೇಮ್ಸ್, ವೈಲ್ ಜಾನ್ ಹ್ಯಾಡ್ ಹ್ಯಾಡ್ “ಹ್ಯಾಡ್”, ಹ್ಯಾಡ್ ಹ್ಯಾಡ್ “ಹ್ಯಾಡ್ ಹ್ಯಾಡ್”; “ಹ್ಯಾಡ್ ಹ್ಯಾಡ್” ಹ್ಯಾಡ್ ಹ್ಯಾಡ್ ಎ ಬೆಟರ್ ಎಫೆಕ್ಟ್ ಆನ್ ದ ಟೀಚರ್.

ಅಂದರೆ, ಜಾನ್ ತನ್ನ ಉತ್ತರದಲ್ಲಿ ‘ಹ್ಯಾಡ್’ ಎಂದು ಬರೆದಿದ್ದರೆ ಜೇಮ್ಸ್ ‘ಹ್ಯಾಡ್ ಹ್ಯಾಡ್’ ಎಂದು ಬರೆದಿದ್ದ. ಶಿಕ್ಷಕರಿಗೆ ಹೆಚ್ಚು ಮೆಚ್ಚುಗೆಯಾದದ್ದು ಎರಡನೆಯದು. ಇಲ್ಲಿ ಮೂರು ಚಿಹ್ನೆಗಳು ಮೂರು ಕೆಲಸ ಮಾಡಿವೆ. ಉದ್ಧರಣ ಚಿಹ್ನೆಯು ಹುಡುಗರು ಬರೆದ ಪದಗಳನ್ನು ವಾಕ್ಯದ ಕ್ರಿಯಾಪದಗಳಿಂದ ಬೇರ್ಪಡಿಸಿದೆ. ಅಲ್ಪವಿರಾಮಗಳು ಜಾನ್‌ನ ವಿಷಯವನ್ನು ನಡುವೆ ಪ್ರತ್ಯೇಕಿಸಿ ಇಟ್ಟಿವೆ. ಅರ್ಧವಿರಾಮವು ಎರಡು ಸ್ವತಂತ್ರ ವಾಕ್ಯಗಳ ಗಡಿಯನ್ನು ಗುರುತಿಸಿದೆ.

ನ್ಯಾಯಾಲಯದ ಮೆಟ್ಟಿಲೇರಿದ ಚಿಹ್ನೆ

ಇದು ತರಗತಿಯ ವಿನೋದಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಮೇನ್ ರಾಜ್ಯದ ಕಾನೂನಿನ ಪ್ರಕಾರ ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ವೇತನ ಕೊಡಬೇಕು. ಬೇಗ ಕೆಡುವ ಆಹಾರಪದಾರ್ಥಗಳಿಗೆ ಸಂಬಂಧಿಸಿದ ಕೆಲವು ಕೆಲಸಗಳಿಗೆ ಇದರಿಂದ ವಿನಾಯಿತಿ ಇತ್ತು. ಆ ಕೆಲಸಗಳ ಪಟ್ಟಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದು ಮುಗಿಯುತ್ತಿತ್ತು. ‘ಆರ್’ ಪದದ ಹಿಂದೆ ಅಲ್ಪವಿರಾಮವಿರಲಿಲ್ಲ.

ಪೋರ್ಟ್‌ಲ್ಯಾಂಡ್ ನಗರದ ಓಕ್‌ಹರ್ಸ್ಟ್ ಡೇರಿಯ ಚಾಲಕರು ಹಾಲನ್ನು ವಿತರಿಸುತ್ತಿದ್ದರೇ ಹೊರತು ಪ್ಯಾಕ್ ಮಾಡುತ್ತಿರಲಿಲ್ಲ. ಸಾಗಣೆಗಾಗಿ ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವುದು ಒಂದೇ ಕೆಲಸ, ಆದ್ದರಿಂದ ವಿನಾಯಿತಿ ತಮಗೆ ಅನ್ವಯಿಸದು ಎಂಬುದು ಅವರ ವಾದ. ವಿತರಣೆ ಪ್ರತ್ಯೇಕ ಕೆಲಸ ಎಂಬುದು ಡೇರಿಯ ವಾದ. ರಾಜ್ಯದ ಶಾಸನ ರಚನಾ ಕೈಪಿಡಿಯೇ ಪಟ್ಟಿಯ ಕೊನೆಯಲ್ಲಿ ಅಂತಹ ಅಲ್ಪವಿರಾಮ ಬೇಡವೆಂದು ಸೂಚಿಸಿದ್ದುದು ಡೇರಿಗೆ ಬಲ ನೀಡಿತ್ತು.

2017ರ ಮಾರ್ಚ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು ವಾಕ್ಯ ಅಸ್ಪಷ್ಟವೆಂದು ತೀರ್ಮಾನಿಸಿತು. ಕಾನೂನಿನ ಉದ್ದೇಶ ಕಾರ್ಮಿಕರ ಹಿತವಾದ್ದರಿಂದ ಸಂಶಯದ ಲಾಭವನ್ನು ಚಾಲಕರಿಗೆ ನೀಡಿತು. 2018ರಲ್ಲಿ 50 ಲಕ್ಷ ಡಾಲರ್‌ಗಳಿಗೆ ಪ್ರಕರಣ ರಾಜಿಯಾಯಿತು. ಅಷ್ಟರಲ್ಲಿ ಶಾಸಕಾಂಗವು ಪಟ್ಟಿಯನ್ನು ತಿದ್ದಿ, ಪ್ರತಿಯೊಂದು ಕೆಲಸದ ನಡುವೆಯೂ ಅರ್ಧವಿರಾಮವನ್ನು ಇರಿಸಿತ್ತು.

ಓದುಗರಿಗೆ ಕಿವಿಮಾತು

ಗೊಂದಲದ ವಾಕ್ಯ ಎದುರಾದಾಗ ಮೊದಲು ಮುಖ್ಯ ಕ್ರಿಯಾಪದವನ್ನು, ಬಳಿಕ ಅದರ ಕರ್ತೃವನ್ನು ಗುರುತಿಸಿ. ನಡುವೆ ಬಂದ ಉಪವಾಕ್ಯವನ್ನು ಬದಿಗಿರಿಸಿ ಓದಿ ನೋಡಿ. ನಿಮ್ಮ ಬರಹದಲ್ಲಿ ಎರಡರ್ಥ ಇಣುಕಿದರೆ ಒಂದು ಚಿಹ್ನೆಯನ್ನು ಸೇರಿಸಿ. ಅದೂ ಸಾಲದಿದ್ದರೆ ವಾಕ್ಯವನ್ನೇ ಬದಲಿಸಿ. ಒಪ್ಪಂದ, ಅರ್ಜಿ, ಆದೇಶಗಳಿಗೆ ಸಹಿ ಹಾಕುವ ಮುನ್ನ ಈ ಎಚ್ಚರಿಕೆ ಇನ್ನೂ ಅವಶ್ಯಕ.